ಅಚ್ಚು ಹೇಳಿದ್ದನ್ನು ಹಿತ್ತಾಳೆ ಪೂರ್ತಿ ಕೇಳುವುದಿಲ್ಲ

ಡೈಯ ಅಳತೆ ಬೇರೆ, ಡೈಯಿಂದ ಹೊರಬಿದ್ದ ಮಾಲಿನ ಅಳತೆ ಬೇರೆ. ಹಿತ್ತಾಳೆ ಹಾಳೆಯಿಂದ ಬಟ್ಟಲು ಎಳೆಯುವ ಯಾವ ಟೂಲ್‌ರೂಮಿಗೆ ಹೋದರೂ ಹೊಸ ಹುಡುಗನಿಗೆ ಮೊದಲು ಕಲಿಸುವ ಪಾಠ ಇದೇ. ಒತ್ತಡ ಇರುವತನಕ ಲೋಹ ಅಚ್ಚಿನ ಗೋಡೆಗೆ ಅಂಟಿಕೊಂಡು ನಿಂತಿರುತ್ತದೆ. ಒತ್ತಡ ತೆಗೆದಿರೋ, ತುಸು ಹಿಂದಕ್ಕೆ ಸರಿಯುತ್ತದೆ. ನಾವು ಅದಕ್ಕೆ ಸ್ಪ್ರಿಂಗ್‌ಬ್ಯಾಕ್ ಅನ್ನುತ್ತೇವೆ. ಎಷ್ಟು ಸರಿಯುತ್ತದೆ ಎಂಬುದು ಆ ಲೋಹ ಈ ಮೊದಲು ಎಷ್ಟು ಪೆಟ್ಟು ತಿಂದಿದೆ ಎಂಬುದರ ಮೇಲೆ ನಿಂತಿದೆ. ಮೆತ್ತಗಿನ ಹಿತ್ತಾಳೆ ಹೇಳಿದಲ್ಲಿ ಕೂಡುತ್ತದೆ; ಪೆಟ್ಟು ತಿಂದು ಗಟ್ಟಿಯಾದದ್ದು ಎದ್ದು ಬರುತ್ತದೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಡೈ, ಪಂಚು, ಗೇಜು ಮಾಡುತ್ತಲೇ ನನ್ನ ತಲೆ ನರೆತದ್ದು. ಊರಿನ ವಾಲ್ವ್ ಕಾರ್ಖಾನೆಗಳಿಗೆ ಬೇಕಾದ ಹಿತ್ತಾಳೆ ಸಾಮಾನು ನನ್ನ ಕೈದಾಟಿ ಹೋಗಿದೆ. ಬಂದೂಕಿಗೂ ನನಗೂ ಮಾತ್ರ ಯಾವ ನಂಟೂ ಇರಲಿಲ್ಲ. ಈಗಲೂ ಇರುವ ನಂಟು ಫೋನಿನ ಮೂಲಕದ್ದು: ನನ್ನ ಅಕ್ಕನ ಮಗ ಟೆಕ್ಸಾಸಿನಲ್ಲಿದ್ದಾನೆ, ಅಲ್ಲಿ ರೇಂಜಿಗೆ ಹೋಗಿ ದೂರದ ಕಾಗದದ ಗುರಿಗೆ ಹೊಡೆಯುವುದು ಅವನ ಹುಚ್ಚು. ಹಾರಿಸಿದ ಕೇಸುಗಳನ್ನು, ಅಂದರೆ ತೋಟಾದ ಹಿತ್ತಾಳೆ ಕವಚಗಳನ್ನು, ಆರಿಸಿ ತಂದು ಗ್ಯಾರೇಜಿನಲ್ಲಿ ಮತ್ತೆ ಮದ್ದು, ಗುಂಡು ತುಂಬುತ್ತಾನೆ. ಈಚೆಗೆ ಆ ಹುಚ್ಚು ಇನ್ನೊಂದು ಮೆಟ್ಟಿಲು ಏರಿ, ಅಂಗಡಿಯಲ್ಲಿ ಸಿಗದ ತೋಟಾ ಒಂದರ ಬೆನ್ನು ಹತ್ತಿದ್ದಾನೆ. "ಮಾಮಾ, ನೀವು ಜಲ್ಮೆಲ್ಲಾ ಡೈ ಮಾಡಿದವರು. ನಂಗ ಒಂದ್ ಡೈ ಆರಿಸಿ ಕೊಡ್ರಿ" ಅಂದ. ಇಲ್ಲಿಯ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ: ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಹಾನಗಲ್, ಕಲಘಟಗಿ ಕಡೆ ಬೆಳೆ ಕಾಯಲು ಲೈಸನ್ಸಿನ ಬಂದೂಕು ಇಟ್ಟುಕೊಂಡ ರೈತರು ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುತ್ತಾರೆ. ಅವನದು ಬೇರೆ ದೇಶ, ಬೇರೆ ಕಾನೂನು. ನನಗೆ ಬೇಕಾದದ್ದು ಅದರೊಳಗಿನ ಹಿತ್ತಾಳೆ ಮಾತ್ರ.

ಅವನು ಬಯಸಿದ್ದು ಇಂಥದ್ದು. (ಕೇಸಿನ ಅಗಲದ ಕೆಳಭಾಗ ಒಡಲು, ಗುಂಡು ಹಿಡಿಯುವ ಕಿರಿದಾದ ತುದಿ ಕೊರಳು, ಎರಡರ ನಡುವಿನ ಇಳಿಜಾರು ಹೆಗಲು.) 1906ರಿಂದ ಅಮೆರಿಕದ ಸೈನ್ಯದಲ್ಲಿದ್ದ .30-06 ಎಂಬ ತೋಟಾದ ಒಡಲನ್ನು ತೆಗೆದುಕೊಳ್ಳುವುದು, ಅದರ ಕೊರಳನ್ನು 6.5 ಮಿಲಿಮೀಟರಿನ ಗುಂಡಿಗೆ ತಕ್ಕಂತೆ ಮಾಡುವುದು, ಜೊತೆಗೆ ಇಳಿಜಾರಾಗಿರುವ ಹೆಗಲನ್ನು ಎತ್ತಿ ನಿಲ್ಲಿಸುವುದು. ಮೂಲ ಕೇಸಿನ ಹೆಗಲಿನ ಕೋನ ಹದಿನೇಳೂವರೆ ಡಿಗ್ರಿ. ಇವನಿಗೆ ಬೇಕಾದದ್ದು 40 ಡಿಗ್ರಿ. ಹೀಗೆ ಹೆಗಲೆತ್ತಿ, ಒಡಲಿನ ಇಳಿಜಾರು ತೆಗೆದು, ಒಳಗೆ ಜಾಗ ಹಿಗ್ಗಿಸುವ ಪದ್ಧತಿಗೆ ಪಾರ್ಕರ್ ಆಕ್ಲಿ ಎಂಬ ಅಮೆರಿಕದ ಬಂದೂಕು ಕಮ್ಮಾರನ ಹೆಸರು ಅಂಟಿಕೊಂಡಿದೆ. ಯಾವ ಕಾರ್ಖಾನೆಯೂ ದೊಡ್ಡ ಪ್ರಮಾಣದಲ್ಲಿ ಮಾಡದ, ಯಾವ ಮಾನಕ ಸಂಸ್ಥೆಯ ನಕ್ಷೆಯಲ್ಲೂ ಇರದ ಇಂಥ ತೋಟಾಗಳನ್ನು ಅಲ್ಲಿ ವೈಲ್ಡ್‌ಕ್ಯಾಟ್ (ಕಾಡುಬೆಕ್ಕು) ಎನ್ನುತ್ತಾರೆ. ಕೆಲವು ಗೆದ್ದು ಮನೆಯೊಳಗೂ ಬಂದಿವೆ. .22-250 ದಶಕಗಟ್ಟಲೆ ಹವ್ಯಾಸಿಗಳ ಗ್ಯಾರೇಜಿನಲ್ಲಿ ತಿರುಗಿ 1965ರಲ್ಲಿ ರೆಮಿಂಗ್ಟನ್ ಕಂಪನಿಯ ಪಟ್ಟಿ ಸೇರಿತು; .25-06 ಅದೇ ಹಾದಿಯಲ್ಲಿ 1969ಕ್ಕೆ. .280 ಆಕ್ಲಿಗೆ ಮಾನಕದ ಮುದ್ರೆ ಬೀಳಲು 2007 ಬರಬೇಕಾಯಿತು.

ಹೊಸ ಅಳತೆ ಹುಟ್ಟುವುದು ಹವ್ಯಾಸಿಗಳ ಚಪಲದಿಂದ ಮಾತ್ರ ಅಲ್ಲ. ನಮ್ಮ ದೇಶದಲ್ಲಿ ಸರಕಾರದ ಭಯವೂ ತೋಟಾದ ನಕ್ಷೆ ಬರೆದಿದೆ. ಮದ್ದುಗುಂಡು ಬಂಡಾಯಗಾರರ ಕೈಯ ಹಳೆಯ ಸೈನಿಕ ರೈಫಲ್ಲುಗಳಿಗೆ ಹೊಂದೀತು ಎಂದು ಬ್ರಿಟಿಷರು 1907ರಲ್ಲಿ .450 ಬೋರಿನ (ನಳಿಗೆಯ ಒಳವ್ಯಾಸದ) ಬೇಟೆ ಬಂದೂಕುಗಳನ್ನು ಇಂಡಿಯಾಕ್ಕೆ ತರುವುದನ್ನೇ ನಿಲ್ಲಿಸಿದರು. ಲಂಡನ್ನಿನ ತಯಾರಕರು ಸುಮ್ಮನೆ ಕೂತರೇ? .465, .470, .475 ಅಂತ ಕೂದಲೆಳೆ ದಪ್ಪದ ವ್ಯತ್ಯಾಸದಲ್ಲಿ ಹೊಸ ತೋಟಾಗಳು ಸಾಲಾಗಿ ಬಂದವು. ಇವತ್ತಿಗೂ ನಮ್ಮಲ್ಲಿ ಲೈಸನ್ಸುದಾರರು ಹೇಳುವ .315 ಬೋರು ಕೂಡ ನಾಗರಿಕರಿಗೆ ಸೈನ್ಯದ .303 ಸಿಗಬಾರದು ಎಂಬ ಅದೇ ಎಚ್ಚರಿಕೆಯ ಕೂಸು.

ಇರಲಿ, ಡೈಗೆ ಬರೋಣ. ಈ ಡೈ ಎಂದರೆ ಹೆಬ್ಬೆರಳಿಗಿಂತ ದಪ್ಪದ ಒಂದು ಉಕ್ಕಿನ ಕೊಳವೆ, ಹೊರಗೆ 7/8 ಇಂಚಿನ, ಇಂಚಿಗೆ 14 ಸುತ್ತಿನ ಆಟೆ (ಸ್ಕ್ರೂವಿನ ಎಳೆ). ಹೆಚ್ಚಿನ ಕಂಪನಿಗಳ ಕೈ ಪ್ರೆಸ್ಸಿಗೆ ಈ ಆಟೆ ಕೂಡುತ್ತದೆ. ಒಳಗೆ ಕೇಸಿನ ಆಕಾರವನ್ನೇ ತಿರುವಿಹಾಕಿ ಕೊರೆದಿರುತ್ತಾರೆ. ಹಾರಿಸಿದ ಕೇಸು ಉಬ್ಬಿರುತ್ತದಲ್ಲ, ಅದಕ್ಕೆ ಜಿಡ್ಡು ಸವರಿ ಡೈಯೊಳಗೆ ದೂಡಿದರೆ ಮತ್ತೆ ಸಣ್ಣದಾಗಿ ಹೊರಬರುತ್ತದೆ. ಆರ್‌ಸಿಬಿಎಸ್ ಎಂಬ ಹೆಸರಾಂತ ಡೈ ಕಂಪನಿ 1943ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಎಂಬ ಊರಿನಲ್ಲಿ ಶುರುವಾದದ್ದೂ ಇಂಥ ಕೈ ಡೈಯಿಂದಲೇ. ಯುದ್ಧಕಾಲದಲ್ಲಿ ಗುಂಡು ಸಿಗದೆ, ಹಾರಿಸಿ ಬಿಸಾಕಿದ .22 ಕೇಸುಗಳನ್ನೇ ಗುಂಡಿನ ಹೊದಿಕೆಯಾಗಿ ಒತ್ತಲು ಫ್ರೆಡ್ ಹಂಟಿಂಗ್ಟನ್ ಒಂದು ಡೈ ಮಾಡಿದ. ಅದನ್ನು ಓದಿದಾಗ ಇವನು ನಮ್ಮ ಗೋಕುಲ ರಸ್ತೆಯವನೇ ಅನ್ನಿಸಿತು.

ಅಳಿಯ ಮೂರು ಬಗೆಯ ಡೈಗಳ ಚಿತ್ರ ಕಳಿಸಿದ್ದ. ಒಂದು, ಕೊರಳು ಒಡಲು ಹೆಗಲು ಎಲ್ಲವನ್ನೂ ಒಂದೇ ಹೊಡೆತಕ್ಕೆ ಒತ್ತುವ ಪೂರ್ಣ ಡೈ. ಎರಡು, ಕೊರಳನ್ನಷ್ಟೇ ಮುಟ್ಟುವ ಡೈ. ಮೂರು, ಒಡಲನ್ನು ಒತ್ತಿ ಕೊರಳಿನ ಜಾಗದಲ್ಲಿ ಬೇಕಾದ ಅಳತೆಯ ಬುಶ್ (ಒಳಗೆ ಕೂರುವ ಬಳೆ) ಹಾಕಿಕೊಳ್ಳಬಹುದಾದದ್ದು. ಅವನ ಮನಸ್ಸು ಮೊದಲನೆಯದರ ಕಡೆ ಇತ್ತು, ಅಗ್ಗ ಅಂತ. ನಾನು ಅವನಿಗೆ ಕೇಳಿದ್ದು ಬೇರೆ: ನಿನ್ನ ಬಂದೂಕಿನ ಚೇಂಬರಿನ ಅಳತೆ ಎಷ್ಟು? ಯಾಕೆಂದರೆ ತೋಟಾದ ನಿಜವಾದ ಅಚ್ಚು ಡೈ ಅಲ್ಲ, ಚೇಂಬರು, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡು. ಗುಂಡು ಹಾರುವ ಕ್ಷಣದಲ್ಲಿ ಒಳಗಿನ ಒತ್ತಡ ಚದರ ಇಂಚಿಗೆ 60,000 ಪೌಂಡಿನವರೆಗೂ ಏರುತ್ತದೆ. ಯಾವ ಕೈ ಪ್ರೆಸ್ಸೂ ಅಷ್ಟು ಒತ್ತಲಾರದು. ಹಿತ್ತಾಳೆ ಚೇಂಬರಿನ ಗೋಡೆಗೆ ಹೋಗಿ ಅಪ್ಪಳಿಸಿ, ಅನಿಲ ಹಿಂದೆ ಸೋರದಂತೆ ಬಾಗಿಲು ಮುಚ್ಚಿ, ಒತ್ತಡ ಇಳಿದ ಕೂಡಲೆ ಚೂರು ಹಿಂದೆ ಸರಿದು ಹೊರಗೆ ಎಳೆಯಲು ಎಡೆ ಕೊಡುತ್ತದೆ. ಆ ಚೂರು ಹಿಂದೆ ಸರಿಯುವ ಗುಣಕ್ಕಾಗಿಯೇ 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆ ಇಷ್ಟು ಕಾಲ ಈ ಕೆಲಸದಲ್ಲಿ ಉಳಿದಿರುವುದು.

ಹಾಗಾಗಿ ಡೈಯ ಕೆಲಸ ಚಿಕ್ಕದು. ಚೇಂಬರಿನಿಂದ ಬಂದ ಕೇಸು ಮತ್ತೆ ಸಲೀಸಾಗಿ ಒಳಗೆ ಹೋಗುವಷ್ಟು ಮಾತ್ರ ಅದನ್ನು ಇಳಿಸಬೇಕು. ಬುಡದ ಹತ್ತಿರ ಎರಡು ಮೂರು ಥೌ, ಹೆಗಲನ್ನು ಹಿಂದಕ್ಕೆ ದೂಡುವುದು ಒಂದು ಅಥವಾ ಎರಡು ಥೌ. (ನಮ್ಮ ಶಾಪುಗಳಲ್ಲಿ ಇಂಚಿನ ಸಾವಿರದ ಒಂದು ಭಾಗಕ್ಕೆ ಥೌ ಎನ್ನುತ್ತಾರೆ, 25 ಮೈಕ್ರಾನ್ ಅಂದುಕೊಳ್ಳಿ.) ಅದಕ್ಕಿಂತ ಹೆಚ್ಚು ಇಳಿಸಿದರೆ ಏನಾಗುತ್ತದೆ? ಹಾರಿಸಿದಾಗಲೆಲ್ಲ ಕೇಸು ಉದ್ದಕ್ಕೆ ಹಿಗ್ಗುತ್ತದೆ. ಮುಂಭಾಗ ಚೇಂಬರಿನ ಗೋಡೆ ಹಿಡಿದು ನಿಂತಿರುತ್ತದೆ, ಬುಡ ಹಿಂದಕ್ಕೆ ಓಡುತ್ತದೆ, ನಡುವೆ ಗೋಡೆ ತೆಳುವಾಗುತ್ತದೆ. ಬುಡದಿಂದ ತುಸು ಮೇಲೆ ಹೊರಗೆ ಹೊಳೆಯುವ ಉಂಗುರದಂಥ ಗೆರೆ ಕಾಣಿಸಿಕೊಂಡರೆ ಆ ಕೇಸಿನ ಆಯುಸ್ಸು ಮುಗಿಯಿತು. ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಬಿಟ್ಟು ಗೋಡೆಗುಂಟ ಎಳೆದರೆ ತಗ್ಗು ಕೈಗೆ ಸಿಗುತ್ತದೆ. ಅದನ್ನು ಅಲಕ್ಷ್ಯ ಮಾಡಿದರೆ ಮುಂದೊಂದು ಸಲ ಬುಡ ಕಿತ್ತು ಬರುತ್ತದೆ, ಉಳಿದ ಕೊಳವೆ ಚೇಂಬರಿನಲ್ಲೇ ಉಳಿಯುತ್ತದೆ, ಬಿಸಿ ಅನಿಲ ಹೊಡೆಯುವವನ ಮುಖದ ಕಡೆ ನುಗ್ಗುತ್ತದೆ.

ಹಾಗಾದರೆ ಕೊರಳು ಮಾತ್ರ ಒತ್ತುವ ಡೈ ಸಾಕಲ್ಲ ಅಂತ ಅವನ ವಾದ. ಕೆಲವು ಸುತ್ತು ಸಾಕು. ಆಮೇಲೆ ಒಡಲು ಪ್ರತಿ ಸಲ ಸ್ವಲ್ಪ ಸ್ವಲ್ಪ ಉಬ್ಬುತ್ತ ಚೇಂಬರನ್ನು ಪೂರ್ತಿ ತುಂಬಿ, ಬಂದೂಕಿನ ಹಿಂಬಾಗಿಲು ಮುಚ್ಚುವ ಬೋಲ್ಟು ಬಿಗಿಯತೊಡಗುತ್ತದೆ. ಇನ್ನು ಕೆಲವರು ಪೂರ್ಣ ಡೈಯನ್ನೇ ಮೇಲಕ್ಕೆ ತಿರುಗಿಸಿ ಅರ್ಧಕ್ಕೆ ನಿಲ್ಲಿಸಿ ಒತ್ತುತ್ತಾರಂತೆ. ಇದು ನನಗೆ ಕೇಳಿದ ಕೂಡಲೆ ನಗು ತರಿಸಿತು. ಒಡಲನ್ನು ಬದಿಯಿಂದ ಹಿಂಡಿ, ಹೆಗಲಿಗೆ ಡೈ ತಾಗದಂತೆ ಬಿಟ್ಟರೆ ಲೋಹ ಎಲ್ಲಿಗೆ ಹೋಗಬೇಕು? ಹೆಗಲು ಮುಂದಕ್ಕೆ ಚಲಿಸುತ್ತದೆ. ಒತ್ತಿದ ಮೇಲೆ ಕೇಸು ಮೊದಲಿಗಿಂತ ಉದ್ದ! ಅವನು ನಂಬಲಿಲ್ಲ. ಅಳೆದು ನೋಡಿ, ಕ್ಯಾಲಿಪರಿನ ಚಿತ್ರ ಕಳಿಸಿದ, ಕೆಳಗೆ ಒಂದೇ ಪದ: "ಕರೆಕ್ಟ್".

ಹೆಚ್ಚು ಹೊತ್ತು ನಾವು ಮಾತಾಡಿದ್ದು ಕೊರಳಿನ ಬಗ್ಗೆ. ಸಿದ್ಧ ಡೈ ಮಾಡುವ ಕಂಪನಿಗೆ ಯಾರ ಕೇಸಿನ ಗೋಡೆ ಎಷ್ಟು ದಪ್ಪ ಎಂದು ಗೊತ್ತಿರುವುದಿಲ್ಲ. ತೆಳು ಗೋಡೆಯ ಕೇಸೂ ಗುಂಡನ್ನು ಹಿಡಿಯಲೇಬೇಕು ಎಂದು ಅವರು ಕೊರಳಿನ ಜಾಗವನ್ನು ಬಹಳ ಬಿಗಿಯಾಗಿ ಕೊರೆಯುತ್ತಾರೆ. ಆಮೇಲೆ ಒಳಗಿನಿಂದ ಒಂದು ಉಕ್ಕಿನ ಗುಂಡಿಯನ್ನು ಎಳೆದು ಹಿಗ್ಗಿಸುತ್ತಾರೆ. ಅಳಿಯನ ಲೆಕ್ಕವನ್ನೇ ಹಿಡಿದು ನೋಡಿ. ಅವನ ಗುಂಡಿನ ವ್ಯಾಸ .264 ಇಂಚು, ಕೊರಳಿನ ಗೋಡೆ 15 ಥೌ. ಗುಂಡು ಕೂರಿಸಿದ ಮೇಲೆ ಕೊರಳಿನ ಹೊರ ಅಳತೆ .294. ಚೇಂಬರಿನಲ್ಲಿ ಹಿಗ್ಗಿ ಹೊರಬಂದದ್ದು .296. ಸಿದ್ಧ ಡೈ ಇದನ್ನು .284ಕ್ಕೆ ಹಿಂಡಿ, ಗುಂಡಿ ಅದನ್ನು .292ಕ್ಕೆ ಮತ್ತೆ ಹಿಗ್ಗಿಸಿತು ಅಂದರೆ ಕೊರಳು 12 ಥೌ ಒಳಗೆ, 8 ಥೌ ಹೊರಗೆ, ಒಟ್ಟು 20 ಥೌ ಓಡಾಡಿದ ಹಾಗಾಯಿತು. ಬೇಕಾಗಿದ್ದದ್ದು 4. ಉಳಿದ 16 ಥೌ ಬರೀ ಹಿತ್ತಾಳೆಯನ್ನು ದಣಿಸಿದ ಲೆಕ್ಕ. ಜೊತೆಗೆ ಆ ಗುಂಡಿ ಹೊರಬರುವಾಗ ಕೊರಳನ್ನು ಒಂದು ಬದಿಗೆ ಎಳೆದರೆ ಗುಂಡು ಸೊಟ್ಟಗೆ ಕೂರುತ್ತದೆ, ದೂರದ ಕಾಗದದಲ್ಲಿ ಅದು ಕಾಣುತ್ತದೆ.

ಹಾಗಾಗಿ ಬುಶ್ ಹಾಕುವ ಡೈಯನ್ನೇ ತಗೋ ಅಂದೆ. ಗುಂಡು ಕೂರಿಸಿದ ಕೊರಳಿನ ಅಳತೆಯಿಂದ ಎರಡು ಥೌ ಕಳೆದರೆ ಬುಶ್ಶಿನ ಅಳತೆ, ಅಂದರೆ .292, ಎಂದು ಅಲ್ಲಿಯವರ ಸೂತ್ರ. ನನ್ನ ತಕರಾರು ಇಲ್ಲೇ ಶುರು. ಆ ಸೂತ್ರ ಹಿತ್ತಾಳೆಯ ವಯಸ್ಸು ಕೇಳುವುದಿಲ್ಲ. ಹೊಸದಾಗಿ ಕಾಯಿಸಿ ಮೆತ್ತಗಾದ ಕೊರಳು .292ರ ಬುಶ್ಶಿನಿಂದ ಹೆಚ್ಚುಕಡಿಮೆ .292 ಆಗಿಯೇ ಬರುತ್ತದೆ; ಆರೇಳು ಸಲ ಹಾರಿಸಿದ ಕೊರಳು ಅದೇ ಬುಶ್ಶಿನಿಂದ ಅರ್ಧ ಥೌ, ಒಂದು ಥೌ ದೊಡ್ಡದಾಗಿ ಬರುತ್ತದೆ. ಆಗ ಹಿಡಿತ ಅರ್ಧಕ್ಕೆ ಇಳಿಯಿತು. ಬುಶ್ಶು ಬದಲಿಸುವುದೋ, ಹಿತ್ತಾಳೆಯನ್ನು ಮತ್ತೆ ಮೆತ್ತಗೆ ಮಾಡುವುದೋ?

ಮೆತ್ತಗೆ ಮಾಡುವುದು ನಮ್ಮೂರಿನ ಕಂಚಗಾರ ಗಲ್ಲಿಗೆ ಹೊಸದೇನಲ್ಲ. ಕೊಡ ಬಡಿಯುವವನು ಬಡಿಯುತ್ತ ಬಡಿಯುತ್ತ ಸುತ್ತಿಗೆಯ ಸದ್ದು ಬದಲಾದದ್ದನ್ನು ಕೇಳಿ ನಿಲ್ಲಿಸುತ್ತಾನೆ, ಕುಲುಮೆಗೆ ಹಿಡಿಯುತ್ತಾನೆ, ಮತ್ತೆ ಬಡಿಯುತ್ತಾನೆ. ತೋಟಾ ಕಾರ್ಖಾನೆಯಲ್ಲೂ ಅದೇ: ಬಿಲ್ಲೆಯಿಂದ ಬಟ್ಟಲು, ಬಟ್ಟಲಿನಿಂದ ಉದ್ದ ಕೊಳವೆ, ಎಳೆತ ಎಳೆತದ ನಡುವೆ ಕಾಯಿಸುವುದು. ಕೊನೆಗೆ ಬುಡವನ್ನು ಕುಟ್ಟಿ ಗಟ್ಟಿ ಮಾಡಿ ಹಾಗೇ ಬಿಡುತ್ತಾರೆ, ಕೊರಳನ್ನು ಮಾತ್ರ ಉರಿಗೆ ಹಿಡಿದು ಮೆತ್ತಗೆ ಮಾಡುತ್ತಾರೆ. ಸೈನ್ಯದ ತೋಟಾಗಳ ಕೊರಳಿನಲ್ಲಿ ಕಾಣುವ ನೀಲಿ ಕಂದು ಛಾಯೆ ಆ ಉರಿಯ ಗುರುತು. ಬಾಜಾರಿನ ತೋಟಾಗಳಲ್ಲಿ ಅದನ್ನು ಪಾಲಿಶ್ ಮಾಡಿ ತೆಗೆದಿರುತ್ತಾರೆ ಅಷ್ಟೆ. ಬುಡಕ್ಕೆ ಮಾತ್ರ ಬಿಸಿ ತಾಗಕೂಡದು. ಅಷ್ಟು ಒತ್ತಡ ಹೊರುವ ಬುಡ ಒಮ್ಮೆ ಮೆತ್ತಗಾದರೆ ಅದನ್ನು ಮತ್ತೆ ಗಟ್ಟಿ ಮಾಡಲು ಮನೆಯಲ್ಲಿ ದಾರಿಯಿಲ್ಲ. ಉಕ್ಕಿನ ಕೆಲಸ ಬಲ್ಲವರು ಇಲ್ಲಿ ದಾರಿ ತಪ್ಪುತ್ತಾರೆ, ಕಾಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ ಅಂದುಕೊಳ್ಳುತ್ತಾರೆ. ಹಿತ್ತಾಳೆಯನ್ನು ನೀರಿಗೆ ಅದ್ದಿದರೂ ಅಷ್ಟೇ, ಗಾಳಿಗೆ ಬಿಟ್ಟರೂ ಅಷ್ಟೇ. ಅದು ಗಟ್ಟಿಯಾಗುವುದು ಪೆಟ್ಟಿನಿಂದ ಮಾತ್ರ. ನೀರಿನ ಉಪಯೋಗ ಒಂದೇ, ಬಿಸಿ ಬುಡಕ್ಕೆ ಇಳಿಯದಂತೆ ತಡೆಯುವುದು.

ಈ ಪೆಟ್ಟಿನ ನೆನಪು ಹಿತ್ತಾಳೆಯೊಳಗೆ ಹೇಗೆ ಕೂತಿರುತ್ತದೆ ಎಂಬುದಕ್ಕೆ ನಮ್ಮ ನೆಲದ್ದೇ ಒಂದು ಕಥೆ ಇದೆ. ಬ್ರಿಟಿಷ್ ಸೈನ್ಯ ಇಂಡಿಯಾದಲ್ಲಿ ಮಳೆಗಾಲಕ್ಕೆ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದು ತೆಗೆದು ನೋಡಿದರೆ ಯಾರೂ ಮುಟ್ಟದ ಕೇಸುಗಳು ತಾವಾಗಿ ಸೀಳಿರುತ್ತಿದ್ದವು. ಹವಾಮಾನದ ದೋಷ ಎಂದೇ ಬಹಳ ಕಾಲ ನಂಬಿದ್ದರು. 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಗಂಟು ಬಿಚ್ಚಿದರು: ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ಮತ್ತು ಎಳೆದು ಒತ್ತಿದ ಹಿತ್ತಾಳೆಯೊಳಗೆ ಉಳಿದುಹೋದ ಬಿಗಿತ. ಮೂರರಲ್ಲಿ ಯಾವುದಾದರೂ ಒಂದು ಇಲ್ಲದಿದ್ದರೆ ಸೀಳಿಲ್ಲ. ಮಂದ ಉರಿಯಲ್ಲಿ ಕಾಯಿಸಿ ಒಳಗಿನ ಬಿಗಿತ ಕಳೆದರೆ ಮುಗಿಯಿತು. ಅಳಿಯನಿಗೆ ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಅವನು ಹೊಳಪು ಬರಲಿ ಅಂತ ಅಮೋನಿಯಾ ಇರುವ ಲೋಹದ ಪಾಲಿಶ್ ಹಚ್ಚುತ್ತಿದ್ದ. ನಮ್ಮ ಮನೆಗಳಲ್ಲಿ ಹಿತ್ತಾಳೆ ತಂಬಿಗೆಗೆ ಹುಣಸೆಹುಳಿ ತಿಕ್ಕುತ್ತಾರೆ. ಅಲ್ಲಿಯವರು ತೆಳುವಾದ ಸಿಟ್ರಿಕ್ ಆಮ್ಲದ ನೀರಿನಲ್ಲಿ ತೊಳೆಯುತ್ತಾರೆ, ಅದು ಇದಕ್ಕೇ ಸಮ. ಹೆಚ್ಚು ಹೊತ್ತು ಬಿಟ್ಟರೆ ಮಾತ್ರ ಮೇಲ್ಮೈಯ ಸತು ಕರಗಿ ಹೋಗಿ ಗುಲಾಬಿ ತಾಮ್ರ ಬಣ್ಣ ಮೇಲೆ ಬರುತ್ತದೆ.

ಜಿಡ್ಡಿನ ಬಗ್ಗೆ ಎರಡೇ ಮಾತು. ಜಿಡ್ಡಿಲ್ಲದೆ ಒತ್ತಿದರೆ ಕೇಸು ಡೈಯಲ್ಲಿ ಕಚ್ಚಿಕೊಂಡು, ಬುಡ ಕೊರೆದು ಸ್ಕ್ರೂ ಹಾಕಿ ಎಳೆಯುವ ಪ್ರಸಂಗ ಬರುತ್ತದೆ. ಹೆಚ್ಚಾದರೆ ಹೆಗಲಿನ ಮೇಲೆ ಜಿಡ್ಡು ನಿಂತು ತಗ್ಗು ಬೀಳುತ್ತದೆ, ಏಕೆಂದರೆ ದ್ರವವನ್ನು ಹಿಂಡಲಾಗದು. ಅವರ ಮೆಚ್ಚಿನ ಜಿಡ್ಡುಗಳಲ್ಲಿ ಒಂದು ಲ್ಯಾನೊಲಿನ್, ಕುರಿ ಉಣ್ಣೆಯಿಂದ ತೆಗೆದದ್ದು. ರಾಣೆಬೆನ್ನೂರ ತಾಲೂಕಿನ ಮೆಡ್ಲೇರಿಯ ಕಂಬಳಿ ಹೊದ್ದು ಮಲಗಿದವರಿಗೆ ಆ ವಾಸನೆ ಗೊತ್ತು. ರಾಣೆಬೆನ್ನೂರು ಎಂದಾಗ ಅವನು ಅಲ್ಲಿಯ ಕೃಷ್ಣಮೃಗಗಳನ್ನು ನೆನೆದ. "ಅವು ನೋಡಾಕ ಇರೋವು, 1972ರ ಕಾಯ್ದೆ ಐತಿ" ಅಂದೆ. "ನಾ ಹೊಡಿಯೋದು ಕಾಗದಕ್ಕ ಮಾಮಾ" ಅಂದ. ನನಗೂ ಅದೇ ಸಮಾಧಾನ.

ಇನ್ನು ಮೂಲ ಕೇಸು ಯಾವುದು ಎಂಬ ಪ್ರಶ್ನೆ. 6.5ರ ಕೊರಳಿಗೆ ಮೂರು ದಾರಿ. .30-06ರ ಕೊರಳನ್ನು .308ರಿಂದ .264ಕ್ಕೆ ಇಳಿಸುವುದು, 44 ಥೌ. .270ರ ಕೇಸಿನ ಕೊರಳನ್ನು .277ರಿಂದ ಇಳಿಸುವುದು, 13 ಥೌ. .25-06ರ ಕೊರಳನ್ನು .257ರಿಂದ ಏರಿಸುವುದು, 7 ಥೌ. ಕೊರಳನ್ನು ಇಳಿಸಿದರೆ ಗೋಡೆ ದಪ್ಪವಾಗುತ್ತದೆ, ಹೆಗಲಿನ ದಪ್ಪ ಹಿತ್ತಾಳೆ ಕೊರಳಿನ ಬುಡಕ್ಕೆ ಬಂದು ಒಳಗೆ ಉಂಗುರದ ಹಾಗೆ ಉಬ್ಬುತ್ತದೆ. ಅದನ್ನು ರೀಮರ್ (ತೂತಿನ ಒಳಮೈ ಹೆರೆಯುವ ಉಪಕರಣ) ಹಾಕಿ ತೆಗೆಯಬೇಕು, ಇಲ್ಲವೆ ಕೊರಳಿನ ಹೊರಮೈ ಹೆರೆಯಬೇಕು. ಏರಿಸಿದರೆ ಗೋಡೆ ತೆಳು, ಉದ್ದ ಕೂದಲೆಳೆಯಷ್ಟು ಕಡಿಮೆ. ನನ್ನ ಓಟು ಏಳು ಥೌಗೆ. ಆದರೆ 40 ಡಿಗ್ರಿಯ ಹೆಗಲು ಡೈಯಲ್ಲಿ ಹುಟ್ಟುವುದಿಲ್ಲ. ಮೂಲ ಕೇಸನ್ನೇ ಹೊಸ ಚೇಂಬರಿನಲ್ಲಿ ಹಾರಿಸಿ ಹೆಗಲನ್ನು ಉಬ್ಬಿಸಬೇಕು. ಆ ಮೊದಲ ಸಲ ಕೇಸು ಸಡಿಲವಾಗಿ ಕೂತರೆ ಬುಡದ ಹತ್ತಿರ ಹಿಗ್ಗಿ, ಹುಟ್ಟುವಾಗಲೇ ಆಯುಸ್ಸು ಕಡಿಮೆ. ಅದಕ್ಕೇ ಆಕ್ಲಿ ಪದ್ಧತಿಯ ಚೇಂಬರನ್ನು ಕೊರಳು-ಹೆಗಲು ಕೂಡುವ ಜಾಗದಲ್ಲಿ ನಾಲ್ಕು ಥೌ ಗಿಡ್ಡ ಕೊರೆಯುತ್ತಾರೆ, ಬೋಲ್ಟು ಮುಚ್ಚುವಾಗ ಅಲ್ಲಿ ಬಿಗಿ ತಾಗಬೇಕು. ಅಥವಾ ಕೊರಳನ್ನು ಮೊದಲು ದೊಡ್ಡದಾಗಿ ಹಿಗ್ಗಿಸಿ, ಮತ್ತೆ ಪೂರ್ತಿ ಇಳಿಸದೆ ಒಂದು ಸುಳ್ಳು ಹೆಗಲು ಉಳಿಸಿ, ಅದರ ಮೇಲೆ ಕೇಸನ್ನು ನಿಲ್ಲಿಸುತ್ತಾರೆ. ಎರಡನೆಯ ದಾರಿಯಲ್ಲಿ ನಾನು ಉಳಿಸಿದ ಏಳು ಥೌ ಮಾತು ಮಣ್ಣುಪಾಲು, ಹಿತ್ತಾಳೆ ಮತ್ತೆ ಬಹುದೂರ ಓಡಾಡುತ್ತದೆ. ಅವನ ಬಂದೂಕು ಕಮ್ಮಾರ ನಾಲ್ಕು ಥೌ ಗಿಡ್ಡವಾಗಿಯೇ ಕೊರೆದಿದ್ದಾನೆ, ಪುಣ್ಯ.

ಡೈಯ ಪ್ರಶ್ನೆಗೆ ಕೊನೆಗೆ ಬಂದ ಉತ್ತರ ಇದು: ಕ್ಯಾಟಲಾಗಿನಿಂದ ಯಾವುದನ್ನೂ ಕೊಳ್ಳಬೇಡ. ಕೊರಳು ಒತ್ತಲು ಸದ್ಯಕ್ಕೆ ಏನಾದರೂ ಒಂದು ಸಾಧನ ಇಟ್ಟುಕೊಂಡು, ಮೂರು ಕೇಸುಗಳಲ್ಲಿ ಒಂದೊಂದನ್ನೂ ನಿನ್ನ ಚೇಂಬರಿನಲ್ಲಿ ಎರಡು ಮೂರು ಸಲ ಹಾರಿಸು. ಒಂದೇ ಸಲಕ್ಕೆ ಹಿತ್ತಾಳೆ ಚೇಂಬರಿನ ಮೂಲೆ ತುಂಬುವುದಿಲ್ಲ. ಹೀಗೆ ತುಂಬಿ ಬಂದ ಆ ಮೂರು ಕೇಸುಗಳನ್ನು ಡೈ ಮಾಡುವವನಿಗೆ ಕಳಿಸು, ಚೇಂಬರಿನ ರೀಮರಿನ ನಕ್ಷೆಯನ್ನೂ ಜೊತೆಗಿಡು. ಅವನು ಅದಕ್ಕಿಂತ ಬುಡದಲ್ಲಿ ಮೂರು ಥೌ, ಹೆಗಲಿನಲ್ಲಿ ಎರಡು ಥೌ ಸಣ್ಣ ಕೊರೆಯಲಿ. ಕೊರಳಿಗೆ ಬುಶ್ಶಿನ ಜಾಗ ಬಿಡಲಿ. ಸಿದ್ಧ ಡೈಗಿಂತ ದುಬಾರಿ, ತಿಂಗಳುಗಟ್ಟಲೆ ಕಾಯಬೇಕು. ನನ್ನ ಟೂಲ್‌ರೂಮಿಗೆ ಬಂದ ಗಿರಾಕಿಗೂ ನಾನು ಸ್ಯಾಂಪಲ್ ತುಂಡು ಕೇಳದೆ ಬರೀ ನಕ್ಷೆಯ ಮೇಲೆ ಡೈ ಕೊರೆದುಕೊಟ್ಟವನಲ್ಲ.

ಕೇಸುಗಳು ಈಗ ಡೈ ಮಾಡುವವನ ಹತ್ತಿರ ಇವೆ. ನಮ್ಮಿಬ್ಬರ ನಡುವೆ ಒಂದು ಜಗಳ ಉಳಿದಿದೆ. ಅವನ ಕೇಸುಗಳ ಬುಡದ ಮೇಲೆ ಕಾರ್ಖಾನೆಯ ಮುದ್ರೆ .25-06 ಅಂತಲೇ ಇದೆ, ಒಳಗಿರುವುದು ಬೇರೆಯೇ ತೋಟಾ. ನಾಳೆ ಯಾರೋ ಗೆಳೆಯ ಮುದ್ರೆ ನಂಬಿ ತನ್ನ ಬಂದೂಕಿಗೆ ಹಾಕಲು ಹೋದರೆ? ಬುಡದ ಸುತ್ತ ಎಲ್ಲದಕ್ಕೂ ಕೆಂಪು ಬಣ್ಣ ಹಚ್ಚು ಅಂದೆ. ಡಬ್ಬಿಯ ಮೇಲೆ ಚೀಟಿ ಅಂಟಿಸಿದರೆ ಸಾಕು ಅನ್ನುತ್ತಾನೆ. ಡಬ್ಬಿಯಿಂದ ಹೊರಬಿದ್ದ ತೋಟಾಕ್ಕೆ ಚೀಟಿ ಎಲ್ಲಿರುತ್ತದೆ ಅಂತ ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ; .291, .292 ಎರಡೂ ಬುಶ್ಶು ಆರ್ಡರ್ ಮಾಡಿದ್ದೇನೆ ಅಂತ ಮಾತ್ರ ತಿಳಿಸಿದ್ದಾನೆ.